ಚೈನ್‌ಕವರಿನ ಮೇಲಿನ ಹೆಸರು

ಬಿಂಡಿಗನವಿಲೆ
೧೪-೭-೧೯೯೪

ನಾಗಮಂಗಲದ ಸೈಕಲ್ ಶಾಪಿನ ಚನ್ನಾಚಾರ್ಯರಿಗೆ ನಮಸ್ಕಾರ.

ನಮ್ಮ ಯಜಮಾನರ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ಕಳಿಸಿದ್ದೇನೆ. ಅವರು ತೀರಿಕೊಂಡ ಮೇಲೆ ಮೂರು ಮಳೆಗಾಲ ಕೊಟ್ಟಿಗೆಯಲ್ಲೇ ನಿಂತು ತುಕ್ಕು ಹಿಡಿದಿದೆ. ಮೊನ್ನೆ ಸಂತೆಯಲ್ಲಿ ನೀವು, "ಪೂರಾ ಉಜ್ಜಿ ಹೊಸ ಪೇಂಟು ಹೊಡ್ದುಬುಡ್ತೀನಿ ಕಣಕ್ಕ" ಅಂದಿರಿ. ಹೊಸ ಪೇಂಟನ್ನು ನಿಮ್ಮ ಅಂಗಡಿಯ ಬೋರ್ಡಿಗೆ ಹೊಡೆದುಕೊಳ್ಳಿ. ಹ್ಯಾಂಡಲ್ಲು, ರಿಮ್ಮು ಹೇಗಾದರೂ ಉಜ್ಜಿ. ಚೈನ್‌ಕವರಿಗೆ ಮಾತ್ರ ಉಪ್ಪುಕಾಗದ ತಾಗಿಸಬೇಡಿ. ಸೀಮೆಎಣ್ಣೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಸಾಕು, ಕಲೆ ಉಳಿದರೆ ಉಳಿಯಲಿ. ಅಲ್ಲಿ ಹಳದಿ ಬಣ್ಣದಲ್ಲಿ ಅವರ ಹೆಸರಿದೆ.

ಗಂಡನ ಹೆಸರು ಹೇಳುವ ವಾಡಿಕೆ ನಮ್ಮಲ್ಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ನಾನು ಒಮ್ಮೆಯೂ ಹೇಳಿಲ್ಲ. ಯಾರಾದರೂ ಕೇಳಿದರೆ ಸೈಕಲ್ ತೋರಿಸುತ್ತಿದ್ದೆ. ಮನೆಯಲ್ಲಿ ಆ ಹೆಸರು ಹಿಡಿದು ಕರೆಯುತ್ತಿದ್ದವರು ನಮ್ಮತ್ತೆ ಒಬ್ಬರೇ. ಮಗ ಹೋದ ಮೇಲೂ ಸಂಜೆಯಾದರೆ ಬಾಗಿಲಿಗೆ ಬಂದು ಕೂಗುತ್ತಿದ್ದರು. ಹೋದ ತಿಂಗಳು ಅವರೂ ಹೋದರು.

ಸೈಕಲ್ ಸಿದ್ಧವಾದಾಗ ನಮ್ಮೂರ ಬಸ್ಸಿಗೇ ಹಾಕಿ. ದಾರಿಯಲ್ಲಿ ಹೆಸರು ಉಜ್ಜಿಹೋಗದಂತೆ ಚೈನ್‌ಕವರಿಗೆ ಗೋಣಿ ಸುತ್ತಿ.

ಇಂತಿ,
ಚೈನ್‌ಕವರಿನ ಮೇಲೆ ಹೆಸರಿರುವವರ ಹೆಂಡತಿ,
ಪುಟ್ಟತಾಯಮ್ಮ