ಒಂದು ಅಂದ್ರೆ ಮೇಲೋ, ಕೆಳಗೋ

ಶ್ರೀ ಮಹದೇಶ್ವರ ಪ್ರಸನ್ನ

ಟ್ಯಾಂಕ್ ಬೀದಿ, ಕುಂಬಾರಕೊಪ್ಪಲು
ಮೈಸೂರು
೧೪–೧೦–೨೦೨೫, ಮಂಗಳವಾರ

ಚಿ. ಸೌ. ಶಿಲ್ಪಶ್ರೀಗೆ ನಿನ್ನ ಕರಿಬಸವಯ್ಯ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಇವತ್ತಿನ ಮಟ್ಟಿಗೆ ಕ್ಷೇಮ. ಅದರಾಚೆಗೆ ನಾನು ಸಹಿ ಹಾಕಲಾರೆ.

ಯುಗಾದಿಗೆ ನೀನು ಬರೆದ ಕಾಗದಕ್ಕೆ ದೀಪಾವಳಿ ಹತ್ತಿರ ಬಂದಾಗ ಉತ್ತರ ಬರೆಯುತ್ತಿದ್ದೇನೆ. ಇಡೀ ಬೀದಿಯ ಅರ್ಜಿಗಳನ್ನು ಇಪ್ಪತ್ತೆರಡು ವರ್ಷ ಬರೆದುಕೊಟ್ಟವನಿಗೆ ಅಕ್ಕನ ಮಗಳಿಗೆ ಎರಡು ಸಾಲು ಬರೆಯಲು ಪುರುಸೊತ್ತಿರಲಿಲ್ಲ ಎಂದರೆ ನೀನು ನಂಬಬೇಡ. ಫೋನ್ ಮಾಡಬಹುದಿತ್ತಲ್ಲ ಮಾವ ಅನ್ನುತ್ತೀಯ. ಫೋನಿನಲ್ಲಿ ನೀನು ನಡುವೆ ಪ್ರಶ್ನೆ ಕೇಳುತ್ತೀಯ, ನನಗೆ ಉತ್ತರ ಬಂದುಬಿಡುತ್ತದೆ. ಅದೇ ನನ್ನ ರೋಗ. ಎಂಥ ಪ್ರಶ್ನೆಗೂ ಒಂದು ಉತ್ತರ ಹುಟ್ಟಿಸಿ, ಕೇಳಿದವರೇ ನಗುವಂತೆ ಮಾಡಿ ಕಳಿಸಿಬಿಡುತ್ತೇನೆ. ಕಾಗದ ನಗುವುದಿಲ್ಲ. ಹಾಗಾಗಿ ಕಾಗದ.

ಮೊದಲು ಸುದ್ದಿ. ಆಗಸ್ಟ್ ಕೊನೆಗೆ ನನ್ನ ಜೆರಾಕ್ಸ್ ಅಂಗಡಿಯನ್ನು ನಮ್ಮ ಬೀದಿಯ ನೀರಿನ ಟ್ಯಾಂಕಿನ ಕೆಳಗಿನಿಂದ ಮುಖ್ಯರಸ್ತೆಗೆ ಸಾಗಿಸಿದೆ. ನೀನು ಚಿಕ್ಕವಳಿದ್ದಾಗ ಸ್ಕೂಲಿಂದ ಬಂದು ಬಿಸಿಲು ತಪ್ಪಿಸಿಕೊಂಡು ಕೂರುತ್ತಿದ್ದೆಯಲ್ಲ, ಎಂಟು ಕಂಬಗಳ ನಡುವೆ ತಗಡು ಹೊಡೆದ ಆ ಗೂಡು, ಅದು ಖಾಲಿಯಾಯಿತು. ಮಾರನೇ ದಿನವೇ ನಿನ್ನಮ್ಮ ಬಂದು, "ಲೋ ಕರಿಯಾ, ಆ ಬೀಗದ ಕೈ ನಂಗ್ ಕೊಡೋ, ಮನೇಲಿ ಬೆಳಕಿಲ್ಲ, ಸೀರೆ ಬಣ್ಣ ಕಾಣಾಕಿಲ್ಲ" ಅಂದಳು. ಕೊಟ್ಟೆ. ಈಗ ಅಕ್ಕ ಅಲ್ಲಿ ಸೀರೆಗೆ ಕುಚ್ಚು ಕಟ್ಟುವ ಅಂಗಡಿ ಇಟ್ಟಿದ್ದಾಳೆ. ಜೊತೆಗೆ ವಸಂತಮ್ಮ, ಇನ್ನಿಬ್ಬರು ಹೆಂಗಸರು. ಬೆಳಿಗ್ಗೆ ಒಂಬತ್ತರಿಂದ ದೀಪ ಹಚ್ಚುವವರೆಗೂ ನಾಲ್ವರೂ ಅಲ್ಲೇ. ಬೋರ್ಡು ಬೇರೆ ಬರೆಸಿದ್ದಾಳೆ: 'ನಂಬರ್ 1 ಕುಚ್ಚು ಸೆಂಟರ್.'

ಆ ಒಂದನೇ ನಂಬರಿನ ವಿಷಯಕ್ಕೇ ಈ ಕಾಗದ.

ಫೆಬ್ರವರಿಯಲ್ಲಿ ಒಂದು ವಿದೇಶಿ ಬ್ಯಾಂಕಿನವರು ಸಮೀಕ್ಷೆಗೆ ಬಂದಿದ್ದರು. ಈ ದೇಶ ಮುಂದೆ ಬರಬೇಕಾದರೆ ಯಾವುದು ಮೊದಲು ಆಗಬೇಕು, ಹೊರಗಿನವರು ಕೊಡುವ ನೆರವಿನಿಂದ ಉಪಯೋಗವಾಗಿದೆಯೇ ಎಂದು ಜನರನ್ನೇ ಕೇಳುವುದು. ಅವರ ಪರವಾಗಿ ಬೆಂಗಳೂರಿನಿಂದ ಸ್ವರೂಪ್ ಎಂಬ ಹುಡುಗ ಬಂದಿದ್ದ. ಮೃದು ಮಾತಿನವನು, ಪ್ರತಿ ವಾಕ್ಯಕ್ಕೂ ಸರ್ ಅನ್ನುತ್ತಾನೆ. ಜನ ಸೇರಿಸುವುದು, ಕೂರಿಸುವುದು, ಕನ್ನಡದಲ್ಲಿ ವಿವರಿಸಿ ಫಾರಂ ತುಂಬಿಸುವುದು ನನ್ನ ಕೆಲಸ. ಸಮುದಾಯ ಭವನದಲ್ಲಿ ಅರವತ್ತನಾಲ್ಕು ಜನ, ಅರವತ್ತನಾಲ್ಕು ಫಾರಂ, ಅರವತ್ತನಾಲ್ಕು ಉದ್ದಿನವಡೆ. ವಡೆ ಮಾತ್ರ ಸಾಲದೆ ಬಂತು.

ಫಾರಂ ಮೇಲೆ 'ಪಾಲುದಾರರ ಅಭಿಪ್ರಾಯ' ಎಂದು ಅಚ್ಚಾಗಿತ್ತು. ನಮ್ಮ ನೀರುಗಂಟಿ ಹುಚ್ಚಯ್ಯ, ಟ್ಯಾಂಕಿನ ವಾಲ್ವ್ ತಿರುಗಿಸುವವನು, ಎದ್ದುನಿಂತ. "ಅಯ್ನೋರೆ, ಪಾಲುದಾರ್ರು ಅಂತ ಬರ್ದವ್ರಲ್ಲ, ನಮ್ ಪಾಲು ಎಷ್ಟು, ಯಾವಾಗ್ ಕೊಟ್ಟಾರು?" ಇಡೀ ಭವನ ನಕ್ಕಿತು. "ಮೊದ್ಲು ಕೂತ್ಕೊ ಹುಚ್ಚಯ್ಯ, ವಡೇಲಿ ನಿಂಗೆ ಎರಡು ಪಾಲು" ಅಂದೆ. ಸ್ವರೂಪನಿಗೆ ಅರ್ಥವಾಗದಿದ್ದರೂ ನಕ್ಕ. ನೆರವಿನ ಪ್ರಶ್ನೆ ಬಂದಾಗ ನಿನ್ನಮ್ಮ, "ನಮ್ ಬೀದಿ ನಲ್ಲಿಗೆ ಯಾವ್ದೋ ದೇಶದ ಹೆಸರು ಬರ್ದು ಬೋರ್ಡ್ ಹಾಕವ್ರೆ. ಬೋರ್ಡ್ ತುಕ್ಕು ಹಿಡೀತು, ನೀರು ಬರ್ಲಿಲ್ಲ. ಅದ್ನೂ ಬರ್ಕೊಳ್ಳಪ್ಪ" ಎಂದಳು. ಅವಳ ಮಾತಿಗೆ ಫಾರಮ್ಮಿನಲ್ಲಿ ಜಾಗವಿರಲಿಲ್ಲ. ಅಂಕಿ ಹಾಕುವ ಚೌಕ ಮಾತ್ರ ಇತ್ತು.

ಚೌಕಗಳು ಹದಿನೈದು. ಶಾಲೆ, ಆಸ್ಪತ್ರೆ, ರಸ್ತೆ, ಪ್ರವಾಸಿಗಳಿಗಾಗಿ ಊರನ್ನು ಚಂದ ಮಾಡುವುದು, ಹೀಗೆ. ಹನ್ನೊಂದನೆಯದು 'ಹಳೆಯ ಸಾರ್ವಜನಿಕ ಕಟ್ಟಡಗಳ ಸುರಕ್ಷತೆ.' ಅದನ್ನು ಓದಿದ್ದೇ ತಡ, ಎಲ್ಲರ ಬಾಯಲ್ಲೂ ಒಂದೇ ಮಾತು: ಟ್ಯಾಂಕು. ಐದು ವರ್ಷದಿಂದ ಅದರ ಕಂಬಗಳ ಗಾರೆ ಉದುರಿ ಕಬ್ಬಿಣ ಹೊರಗೆ ಕಾಣುತ್ತಿದೆ. ಅದನ್ನು ಇಳಿಸಿ ಹೊಸದು ಕಟ್ಟಿ ಎಂದು ನಾನೇ ಹದಿನೇಳು ಅರ್ಜಿ ಬರೆದಿದ್ದೇನೆ, ಪ್ರತಿಗಳಿವೆ. ಬ್ಯಾಂಕಿನ ಪಟ್ಟಿಯಲ್ಲಿ ಅದು ಮೇಲೆ ಬಂದರೆ ಕೆಲಸ ಆದಂತೆ ಎಂದು ಪಾಲಿಕೆ ಕಚೇರಿಯವರೇ ಹೇಳಿದ್ದರು.

ಒಂದರಿಂದ ಹತ್ತರವರೆಗೆ ಅಂಕಿ ಹಾಕಬೇಕಿತ್ತು. ನಮ್ಮಲ್ಲಿ ಒಂದು ಅಂದರೇನು? ತರಗತಿಗೆ ಮೊದಲು ಬಂದವನು ಒಂದು. ಒಳ್ಳೆಯ ಮಾಲು ಒಂದನೇ ನಂಬರು. ನಾನೂ ಮೈಕಿನಲ್ಲಿ ಹಾಗೇ ಹೇಳಿದೆ: "ಯಾವ್ದು ಮೊದ್ಲು ಆಗ್ಬೇಕೋ ಅದಕ್ಕೆ ಒಂದು ಹಾಕಿ, ಯಾವ್ದು ಬೇಡ್ವೋ ಅದಕ್ಕೆ ಹತ್ತು ಹಾಕಿ." ಆಗ ನಿನ್ನಮ್ಮ ಕನ್ನಡಕ ಏರಿಸಿಕೊಂಡು, "ಲೋ ಕರಿಯಾ, ಒಂದು ಅಂದ್ರೆ ಮೇಲೋ, ಕೆಳಗೋ? ಸರ್‍ಯಾಗಿ ನೋಡೋ" ಎಂದು ಕೂಗಿದಳು. ನಾನು ಮೈಕಿನಲ್ಲೇ, "ಅಕ್ಕಾ, ಏಳನೇ ಕ್ಲಾಸಲ್ಲಿ ನೀನು ಒಂದನೇ ಸಲ ಫೇಲಾದಾಗ ಮೇಲೆ ಹೋದ್ಯೋ ಕೆಳಗೆ ಬಂದ್ಯೋ?" ಅಂದೆ. ಮತ್ತೆ ಭವನ ನಕ್ಕಿತು. ಅವಳೂ ನಕ್ಕಳು.

ಜುಲೈನಲ್ಲಿ ವರದಿ ಬಂತು. ಮಿರಮಿರ ಮಿಂಚುವ ಪುಸ್ತಕ. ನಮ್ಮ ಬೀದಿಯ ಪುಟ ತೆಗೆದೆ. ಮೈಸೂರಿನ ಪಾಲುದಾರರ ಮೊದಲ ಆದ್ಯತೆ: ಪ್ರವಾಸಿ ಆಕರ್ಷಣೆ, ಸೌಂದರ್ಯೀಕರಣ. ಕಟ್ಟಕಡೆಯದು: ಹಳೆಯ ಕಟ್ಟಡಗಳ ಸುರಕ್ಷತೆ, 'ಈ ಬಗ್ಗೆ ಸಾರ್ವಜನಿಕರಲ್ಲಿ ಕಳವಳ ಕಂಡುಬಂದಿಲ್ಲ.' ವಿದೇಶಿ ನೆರವು ಪರಿಣಾಮಕಾರಿಯೇ ಎಂಬ ಪ್ರಶ್ನೆಗೆ ನಮ್ಮವರು ಸಿಟ್ಟಿನಿಂದ ಹತ್ತು ಹಾಕಿದ್ದರಲ್ಲ, ಬ್ಯಾಂಕಿನವರಿಗೆ ಅಷ್ಟು ಹೊಗಳಿಕೆ ಇನ್ನಾವ ಊರಿನಿಂದಲೂ ಬಂದಿರಲಿಲ್ಲವಂತೆ. ನಾನು ಫೈಲು ತೆಗೆದು ಪ್ರತಿಗಳನ್ನು ನೋಡಿದೆ. ಪ್ರತಿ ಫಾರಮ್ಮಿನ ಅಡಿಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಇತ್ತು: 'ಒಂದು – ಸ್ವಲ್ಪವೂ ಮುಖ್ಯವಲ್ಲ. ಹತ್ತು – ಅತ್ಯಂತ ಮುಖ್ಯ.'

ಅಚ್ಚಿನವರ ತಪ್ಪು ಎಂದುಕೊಂಡೆ. ಅನುವಾದ ಮಾಡಿದವರ ತಪ್ಪು ಎಂದುಕೊಂಡೆ. ಸ್ವರೂಪನಿಗೆ ಫೋನ್ ಮಾಡಿ, "ಸ್ವಲ್ಪ ಉಲ್ಟಾ ಆಗಿರಬಹುದು" ಎಂದು ಮೆಲ್ಲಗೆ ಶುರುಮಾಡಿದೆ. ಅವನು, "ಸರ್, ಡೇಟಾ ಕ್ಲೋಸ್ ಆಗಿದೆ. ಎಲ್ಲಾ ಫಾರಮ್ಮಲ್ಲೂ 'ವಿವರಿಸಿ ಹೇಳಿದ್ದೇನೆ' ಅಂತ ನಿಮ್ಮ ಸಹಿ ಇದೆ. ನೀವು ಬರೆದು ಕೊಟ್ರೆ ತೆಗೀಬಹುದು ಸರ್, ಆದ್ರೆ ಆಮೇಲೆ ನಿಮ್ಮ ಹೆಸರು ಪಟ್ಟೀಲಿ ಉಳಿಯಲ್ಲ. ಮುಂದಿನ ವರ್ಷ ಹನ್ನೆರಡು ಊರು ನಿಮಗೇ ಅಂತ ಇಟ್ಟಿದೀವಿ" ಎಂದ. ಗದರಿಸಲಿಲ್ಲ. ನಾನು ಬೇರೆಯವರಿಗೆ ಹೇಳುವ ದನಿಯಲ್ಲೇ ಹೇಳಿದ. ಬರೆದುಕೊಡುತ್ತೇನೆ ಎಂದು ಫೋನ್ ಇಟ್ಟೆ. ಹದಿನೇಳು ಅರ್ಜಿ ಬರೆದವನು ಹದಿನೆಂಟನೆಯದನ್ನು ಬರೆಯಲಿಲ್ಲ.

ಸೆಪ್ಟೆಂಬರಿನಲ್ಲಿ ದಸರಾಕ್ಕೆಂದು ಸೌಂದರ್ಯೀಕರಣ ಬಂತು. ಟ್ಯಾಂಕಿಗೆ ಬಣ್ಣ ಹೊಡೆದು, ಎಂಟು ಕಂಬಗಳನ್ನೂ ಆನೆಯ ಕಾಲುಗಳಂತೆ ಬರೆದು, ಮೇಲೆ ಅಂಬಾರಿ. ಕಂಬಗಳಿಗೆ ಡ್ರಿಲ್ಲಿನಲ್ಲಿ ತೂತು ಕೊರೆದು ದೀಪ ಕೂರಿಸಿದರು. ಗೋಕುಲಂ ಬಡಾವಣೆಯಲ್ಲಿ ಯೋಗ ಕಲಿಯುವ ವಿದೇಶಿಯರು ಬಂದು ಫೋಟೋ ತೆಗೆಸಿಕೊಂಡು ಹೋದರು. ಬಣ್ಣ ಬಳಿದ ವಾರಕ್ಕೇ ಮೂರನೇ ಕಾಲಿನ ಉಗುರಿನಿಂದ ಮಂಡಿಯವರೆಗೆ ಒಂದು ಗೆರೆ ಮೂಡಿತು. ಬಣ್ಣದವನು ಬರೆದ ಗೆರೆಯಲ್ಲ. ಆಯುಧಪೂಜೆಯ ದಿನ ನಿನ್ನಮ್ಮ ಕತ್ತರಿ, ಸೂಜಿಗಳಿಗೆ ಪೂಜೆ ಮಾಡಿ ಅದೇ ಕಂಬದ ಬುಡದಲ್ಲಿ ಬೂದುಗುಂಬಳ ಒಡೆಸಿದಳು. ಕಾಯಿ ನೆಲಕ್ಕೆ ಬಿದ್ದ ಏಟಿಗೆ ಮೇಲಿನಿಂದ ರೊಟ್ಟಿಯಗಲ ಗಾರೆ ಕಳಚಿ ಬಿತ್ತು. "ಟ್ಯಾಂಕಿಗೂ ದೃಷ್ಟಿಯಾಗಿತ್ತು ಬುಡಿ" ಎಂದು ವಸಂತಮ್ಮ ನಕ್ಕಳು. ಆಮೇಲೆ ಗುಡಿಸಿಹಾಕಿದರು. ನಾನು ಒಂದು ಚೂರು ಎತ್ತಿ ಜೇಬಿಗೆ ಹಾಕಿಕೊಂಡೆ. ಬೆರಳಲ್ಲಿ ಒತ್ತಿದರೆ ಬೆಲ್ಲದಂತೆ ಪುಡಿಯಾಗುತ್ತದೆ.

ಇಷ್ಟು ವರ್ಷ ಹುಚ್ಚಯ್ಯ ಆ ಟ್ಯಾಂಕನ್ನು ಅರ್ಧಕ್ಕಿಂತ ಮೇಲೆ ತುಂಬಿಸುತ್ತಿರಲಿಲ್ಲ. ನಿನ್ನೆ ಸಿಕ್ಕಿದ. ಭಾನುವಾರ ನೀರು ತುಂಬುವ ಹಬ್ಬ. ಪ್ರತಿ ಮನೆಯ ಹಂಡೆಗೂ ಸಂಜೆಗೆ ನೀರು ಬರಲೇಬೇಕು, ಟ್ಯಾಂಕನ್ನು ಬಾಯಿಮಟ ತುಂಬಿಸಿ ಎಂದು ಅವನಿಗೆ ಆದೇಶ ಬಂದಿದೆ. "ಬೇಡ ಕಣೋ, ಅರ್ಧಕ್ಕೇ ನಿಲ್ಸು" ಅಂದೆ. "ನಂದೇನದೆ ಅಯ್ನೋರೆ? ನಾನೂ ಇಂಜಿನಿಯರ್ ಹತ್ರ ಅಂದೆ. ಜನಾನೇ ಬರ್ದುಕೊಟ್ಟವ್ರೆ, ಟ್ಯಾಂಕ್‍ದು ಏನೂ ಯೋಚ್ನೆ ಇಲ್ಲ ಅಂತ, ಬುಕ್ಕಲ್ಲಿ ಅದೆ ಅಂದ್ರು. ನಾವೇನಾ ಅಂಗೆ ಬರ್ದಿದ್ದು?" ಎಂದು ನನ್ನ ಮುಖವನ್ನೇ ನೋಡಿದ. ನನಗೆ ಉತ್ತರ ಬರಲಿಲ್ಲ. ಮೊದಲ ಸಲ.

ಆದ್ದರಿಂದ ಮಗಳೇ, ನಿನ್ನಿಂದ ಒಂದು ಉಪಕಾರ. ಈ ಕಾಗದ ಬಳ್ಳಾರಿ ತಲುಪಿದ ತಕ್ಷಣ ಅಮ್ಮನಿಗೆ ಫೋನ್ ಮಾಡು. ನಿನಗೆ ಮೈ ಹುಷಾರಿಲ್ಲ, ಹಬ್ಬಕ್ಕೆ ಬಂದು ಹದಿನೈದು ದಿನ ಇರಬೇಕು ಎಂದು ಹೇಳು. ಶನಿವಾರದ ಹಂಪಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ನಾನೇ ಮಾಡಿಸಿಟ್ಟಿದ್ದೇನೆ. ನಾನು ಹೇಳಿದರೆ, ಹಬ್ಬದ ಮುಂದೆ ಮೂವತ್ತು ಸೀರೆ ಬಿಟ್ಟು ಎಲ್ಲಿಗೋ ಹೋಗೋದು ಎಂದು ಗದರುತ್ತಾಳೆ. ನೀನು ಅತ್ತರೆ ಹೊರಡುತ್ತಾಳೆ. ಕಾರಣ ಹೇಳಬೇಡ. ಅವಳು ಹೊರಟ ಮೇಲೆ ಉಳಿದ ಮೂವರಿಗೆ ಏನಾದರೂ ನೆಪ ಹೇಳಿ ಬೀಗ ಹಾಕಿಸುತ್ತೇನೆ. ನೆಪಕ್ಕೇನು, ನನ್ನ ಹತ್ತಿರ ಯಾವತ್ತೂ ಕೊರತೆಯಿಲ್ಲ.

ನಿನಗೂ ಅಳಿಯಂದಿರಿಗೂ ಮಾದಪ್ಪ ಆಯುಸ್ಸು ಆರೋಗ್ಯ ಕೊಡಲಿ. ನಿಮ್ಮ ತಲೆಯ ಮೇಲಿನ ಸೂರು ಗಟ್ಟಿಯಾಗಿರಲಿ. ಇದಕ್ಕಿಂತ ದೊಡ್ಡ ಹಾರೈಕೆ ಈಗ ನನಗೆ ತೋಚುತ್ತಿಲ್ಲ.

ಇತಿ ನಿನ್ನ ಮಾವ,
ಕರಿಬಸವಯ್ಯ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ. ಜೊತೆಗಿರುವ ಜೆರಾಕ್ಸ್ ಪ್ರತಿ ನಿನ್ನಮ್ಮನ ಫಾರಮ್ಮಿನದು. ಹನ್ನೊಂದನೇ ಚೌಕ ನೋಡು. ಅವಳು ಮೊದಲು ಹಾಕಿದ್ದು ಹತ್ತು. ಅಡಿಯ ಸಣ್ಣ ಅಕ್ಷರವನ್ನು ಆ ಭವನದಲ್ಲಿ ಓದಿದವಳು ಅವಳೊಬ್ಬಳೇ. ಸೊನ್ನೆಯ ಮೇಲೆ ಗೀಟೆಳೆದು ಒಂದು ಮಾಡಿದ್ದು ನಾನು. ಪಕ್ಕದ ಚಿಕ್ಕ ಸಹಿ ನನ್ನದು. "ಓದ್ದೋನು ನೀನು, ನೀನ್ ಹೇಳಿದ್ ಮೇಲೆ ಸರಿ ಬುಡು" ಎಂದು ಪೆನ್ನು ಬಿಟ್ಟುಕೊಟ್ಟಳು.

ಇನ್ನೊಂದು. ವರದಿ ಬಂದದ್ದು ಜುಲೈನಲ್ಲಿ, ನಾನು ಅಂಗಡಿ ಖಾಲಿ ಮಾಡಿದ್ದು ಆಗಸ್ಟಿನಲ್ಲಿ. ವ್ಯಾಪಾರಕ್ಕೆಂದು ಹೋದೆ ಅಂತ ಬೀದಿ ತಿಳಿದಿದೆ. ಯಾಕೆ ಹೋದೆ ಎಂದು ಗೊತ್ತಿದ್ದೇ ಅವಳ ಕೈಗೆ ಬೀಗದ ಕೈ ಕೊಟ್ಟೆ. ಬೇಡ ಅಂದರೆ ಯಾಕೆ ಎಂದು ಕೇಳುತ್ತಿದ್ದಳು.

ಇವತ್ತು ಮಧ್ಯಾಹ್ನ ಎಲ್ಲ ಹೇಳಿಬಿಡೋಣವೆಂದು ಹೋದೆ. ದಾರದ ತುದಿ ನನ್ನ ಕೈಗೆ ಕೊಟ್ಟು ಹಿಡ್ಕೊ ಅಂದಳು. ಹಿಡಿದುಕೊಂಡು ನಿಂತೆ. "ಅಪ್ಪ ಹೋದ್ಮೇಲೆ ನಂಗೆ ಯಾರೂ ಏನೂ ಕೊಟ್ಟಿರ್ಲಿಲ್ಲ ಕಣೋ ಕರಿಯಾ, ನೀನ್ ಈ ಜಾಗ ಕೊಟ್ಟೆ" ಅಂದಳು. ಮೇಲಿನಿಂದ ತಣ್ಣಗೆ ಒಂದು ಹನಿ ನನ್ನ ಕುತ್ತಿಗೆಗೆ ಬಿತ್ತು. ಹಬ್ಬಕ್ಕೆ ಇವತ್ತಿನಿಂದಲೇ ತುಂಬಿಸಲು ಶುರುಮಾಡಿದ್ದಾರೆ. ಶನಿವಾರದವರೆಗೂ ಕಾಯಬೇಡ. ಇದನ್ನು ಓದಿದ ಗಳಿಗೆಯಲ್ಲೇ ಫೋನ್ ಮಾಡಿ ನಿಜವನ್ನೇ ಹೇಳು, ಫಾರಮ್ಮನ್ನೂ ಓದಿ ಹೇಳು. ನನ್ನ ಬಾಯಿಂದ ಬರಲಿಲ್ಲ. ದಾರ ಹಿಡಿದುಕೊಂಡೇ ನಿಂತಿದ್ದು ಬಂದೆ.