ಅಮ್ಮನ ಎಲೆಯ ಮೇಲೆ ಪೋರ್ಚುಗೀಸರು

ಸೆಪ್ಟೆಂಬರ್ 3, 2025. ಬುಧವಾರ

ಲೈಬ್ರರಿ ತೆರೆದೆ. ಪೇಪರ್‌ಗಳಿಗೆ ಸೀಲ್ ಒತ್ತಿ ಮೇಜಿಗೆ ಹಾಕಿದೆ. ಒಂದು ಪೇಪರ್ ಇಂದೂ ಬಂದಿಲ್ಲ. ಏಜೆಂಟ್‌ಗೆ ಫೋನ್ ಮಾಡಿದರೆ ಅದೇ ರಾಗ — ದಾರೀಲಿದೆ ಮೇಡಂ. ಕೊರಟಗೆರೆ ಬಸ್‌ಸ್ಟ್ಯಾಂಡಿನಿಂದ ಇಲ್ಲಿಗೆ ಎಷ್ಟು ದಾರಿ, ಮಹರಾಯ?

ಮೂಲೆಯ ಬೆಂಚಿನಲ್ಲಿ ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗಿಯರ ಸಾಮಾನ್ಯ ಜ್ಞಾನ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು? 1498. ಗೋವಾ ಪೋರ್ಚುಗೀಸರ ಕೈ ಸೇರಿದ್ದು? 1510. ಬಿಟ್ಟದ್ದು? 1961. ಎಲ್ಲ ಸರಿ. ಮೆಲ್ಲಗೆ ಓದಿ ಎಂದೆ.

ಮಧ್ಯಾಹ್ನ ಫ್ಯಾಮಿಲಿ ಗ್ರೂಪಿನಲ್ಲೂ ಪೋರ್ಚುಗೀಸರು! ಮಧುಗಿರಿಯಿಂದ ಅಣ್ಣನ ಮೆಸೇಜು. 'ಈ ಸಲ ಪಕ್ಷದ ಎಡೆ ಶಾಸ್ತ್ರೋಕ್ತವಾಗಿ. ಪೋರ್ಚುಗೀಸರು ತಂದ ಪದಾರ್ಥ ಪಿತೃಗಳಿಗೆ ನಿಷಿದ್ಧ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ ಇರುವುದಿಲ್ಲ. ಮಾಂಸವೂ ಇಲ್ಲ. ಎಲ್ಲರೂ ಸಹಕರಿಸಿ.' ಕೆಳಗೆ ಮುಗಿದ ಕೈಗಳ ಚಿತ್ರ.

ಸಹಕರಿಸಬೇಕಂತೆ. ಅಣ್ಣ ಸರ್ವೇಯರ್. ಊರವರ ಹೊಲ ಅಳೆದೂ ಅಳೆದೂ ಈಗ ಅಮ್ಮನ ಎಲೆಗೂ ಗಡಿಕಲ್ಲು ನೆಡಲು ಬಂದಿದ್ದಾನೆ.

ಅಮ್ಮ ಹೋಗಿ ವರ್ಷ ತುಂಬಿತು. ಹಿರಿಯರ ಸಾಲಿಗೆ ಸೇರಿಸಿ ಅವಳಿಗೆ ಎಡೆ ಇಡುವ ಮೊದಲ ಪಕ್ಷ ಇದು. ನಮ್ಮಲ್ಲಿ ಶಾಸ್ತ್ರ ಒಂದೇ — ಸತ್ತವರಿಗೆ ಏನು ಇಷ್ಟವೋ ಅದೇ ಎಡೆ. ಅಪ್ಪನಿಗೆ ಪ್ರತಿ ವರ್ಷ ತಲೆಮಾಂಸ, ಒಂದು ಕಟ್ಟು ಬೀಡಿ. ಎಡೆ ಮಗನ ಮನೆಯಲ್ಲೇ ಆಗಬೇಕು. ಕೊಟ್ಟ ಹೆಣ್ಣು ಹೋಗಿ ಕೈಮುಗಿಯಬಹುದು, ಇಡುವಂತಿಲ್ಲ. ಅಂದರೆ ಅಮ್ಮ ಏನು ಉಣ್ಣಬೇಕೆಂದು ತೀರ್ಮಾನ ಮಾಡುವವನು ಅವನು.

ಅಮ್ಮ ಗೊರವನಹಳ್ಳಿಯಲ್ಲಿ ದೇವಸ್ಥಾನಕ್ಕೆ ಬರುವ ಬಸ್ಸಿನ ಜನಕ್ಕೆ ಮೆಣಸಿನಕಾಯಿ ಬಜ್ಜಿ, ಆಲೂಗಡ್ಡೆ ಬೋಂಡ ಕರಿದು ನಮ್ಮಿಬ್ಬರನ್ನು ಓದಿಸಿದಳು. ಜೊತೆಗೆ ಹುರಿದ ಕಡಲೆಕಾಯಿ, ಟೊಮೆಟೊ ಚಟ್ನಿ. ಅಣ್ಣನ ನಿಷೇಧದ ಪಟ್ಟಿ ಎಂದರೆ ಅವಳ ತಳ್ಳುಗಾಡಿಯೇ.

ಸೆಪ್ಟೆಂಬರ್ 4, ಗುರುವಾರ

ಪುಸ್ತಕ ತೆಗೆದು ನೋಡಿದೆ. ಮೆಣಸಿನಕಾಯಿ ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗಿನಲ್ಲಿ ಇಲ್ಲಿಗೆ ಬಂತು. ಅಲ್ಲಿಯವರೆಗೆ ನಮ್ಮ ಖಾರವೆಲ್ಲ ಕಾಳುಮೆಣಸಿನದು. ಆಲೂಗಡ್ಡೆ, ಟೊಮೆಟೊಗಳದೂ ಹೆಚ್ಚುಕಡಿಮೆ ಅದೇ ದಾರಿ. ಕಡಲೆಕಾಯಿ ಬಗ್ಗೆ ಒಮ್ಮತವಿಲ್ಲ. ಆಫ್ರಿಕಾ ಕಡೆಯಿಂದ ಎನ್ನುವವರಿದ್ದಾರೆ, ಫಿಲಿಪೀನ್ಸ್ ಕಡೆಯಿಂದ ಎನ್ನುವವರೂ ಇದ್ದಾರೆ. ತಿಥಿ ಅಡುಗೆಗೆ ಮೆಣಸಿನಕಾಯಿ ಬಿಟ್ಟು ಕಾಳುಮೆಣಸು ಹಾಕುವ ಮನೆಗಳು ಇವೆ. ಅದು ಅವರ ಪದ್ಧತಿ, ಅವರಿಗೆ ಸರಿ. ನಮ್ಮದು ಯಾವಾಗ ಆಯಿತು?

ಅಣ್ಣ ಹೇಳಿದ್ದರಲ್ಲಿ ಸುಳ್ಳಿಲ್ಲ. ಅದೇ ಸಿಟ್ಟು. ಸುಳ್ಳಾಗಿದ್ದರೆ ಒಂದೇ ಮಾತಿಗೆ ಮುಗಿಯುತ್ತಿತ್ತು.

ಆದರೆ ಗೋಡಂಬಿಯನ್ನು ಬಿಟ್ಟಿದ್ದಾನೆ. ಸೀಬೆ, ಪರಂಗಿ, ಅನಾನಸ್ — ಇವೂ ಅವರ ಹಡಗಿನ ಸಾಮಾನೇ.

ಸೆಪ್ಟೆಂಬರ್ 6, ಶನಿವಾರ

ಗ್ರೂಪಿನಲ್ಲಿ ಬರೆದೆ. 'ಪಾಯಸಕ್ಕೆ ಗೋಡಂಬಿ ಹಾಕುತ್ತೀಯಾ? ಅದನ್ನೂ ಪೋರ್ಚುಗೀಸರೇ ತಂದದ್ದು. ಅಪ್ಪನ ಬೀಡಿಯೊಳಗಿನ ಹೊಗೆಸೊಪ್ಪೂ ಅವರದೇ.'

ಅಣ್ಣ: 'ಗೋಡಂಬಿಗೆ ದೋಷವಿಲ್ಲ.'

ನಾನು: 'ಯಾರು ಹೇಳಿದರು?'

ಅಣ್ಣ: 'ತಿಳಿದವರು.'

ನಾನು: 'ಅಮ್ಮನನ್ನು ತಿಳಿದವರಾ?'

ಪಾವಗಡದಿಂದ ಪೆದ್ದಣ್ಣ ಮಾವ, ಅಮ್ಮನ ತಮ್ಮ, ತನ್ನ ತೆಲುಗು ಬೆರೆತ ಮಾತಿನಲ್ಲಿ ಅಣ್ಣನಿಗೆ ವಾಯ್ಸ್ ಮೆಸೇಜ್ ಹಾಕಿದ. "ಏಮ್ರಾ ಅಂಬಿ, ಮಾಂಸನೂ ಇಲ್ಲ, ಖಾರನೂ ಇಲ್ಲ, ಬೀಡೀನೂ ಇಲ್ಲ ಅಂದ್ರೆ ನಿಮ್ಮಪ್ಪ ಯಾಕ್ರಾ ಬರ್ತಾನೆ? ಅಲ್ಲೇ ಮೇಲೆ ಚೆನ್ನಾಗೈತೆ ಅಂತಾನೆ."

ಸಂಜೆ ಆರು: ಗ್ರೂಪಿನಿಂದ ನನ್ನನ್ನು ತೆಗೆದಿದ್ದಾನೆ. ಮಾವನನ್ನು ತೆಗೆದಿಲ್ಲ. ನನ್ನೊಬ್ಬಳನ್ನೇ.

ಸೆಪ್ಟೆಂಬರ್ 10, ಬುಧವಾರ

ಪೋರ್ಚುಗಲ್ ಬಗ್ಗೆ ಇನ್ನಷ್ಟು ಓದಿದೆ. ದ್ವೇಷಕ್ಕೇ ಓದಿದೆ, ಸುಳ್ಳೇಕೆ ಹೇಳಲಿ. ಒಣಗಿಸಿದ ಉಪ್ಪುಮೀನು ಅವರಿಗೆ ನಮ್ಮ ಮುದ್ದೆ ಇದ್ದ ಹಾಗೆ. ಅವರ ಮನೆಯೂಟ ನಮ್ಮಷ್ಟು ಖಾರವಲ್ಲ. ತಂದವರು ಅವರು, ಉರಿ ಮಾತ್ರ ನಮ್ಮದು.

ಇನ್ನೊಂದು ವಿಷಯಕ್ಕೆ ಪುಟ ಗುರುತಿಟ್ಟೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಮನೆಮಂದಿಯೆಲ್ಲ ಉಂಡ ಮೇಲೆ, ಅಲ್ಲಿನ ಕೆಲವು ಕಡೆ ಮೇಜಿನ ಮೇಲಿನದನ್ನು ತೆಗೆಯುವುದಿಲ್ಲ. ಉಪ್ಪುಮೀನು, ಬೇಯಿಸಿದ ಆಲೂಗಡ್ಡೆ ಹಾಗೇ ಬಿಟ್ಟು ಮಲಗುತ್ತಾರೆ. ಮನೆಯಲ್ಲಿ ಸತ್ತವರು ಬಂದು ಉಣ್ಣಲಿ ಎಂದು.

ಅಂದರೆ ಅವರದೂ ಎಡೆ. ಆಲೂಗಡ್ಡೆ ಸಮೇತ.

ನಮ್ಮವರಿಗೆ ಓದಿ ಹೇಳಿದೆ. "ಒಂದು ಬಜ್ಜಿಗೆ ಸಮುದ್ರ ದಾಟಿ ಹೋಗಿ ಸಾಕ್ಷಿ ತರ್ತಿದೀಯಲ್ಲೇ, ಕೋರ್ಟಿಗೆ ಹಾಕ್ಬುಡು ಅತ್ಲಾಗೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಮಧುಗಿರಿಗೆ ಹೋಗಿ ಬಂದೆ. ಹೋಗಬಾರದಿತ್ತು.

ಅಣ್ಣ ಜಗಲಿಯಲ್ಲಿ ಕೂತಿದ್ದ. ಒಳಗೆ ಬಾ ಎನ್ನಲಿಲ್ಲ. ಸಹನಾ ಅತ್ತಿಗೆ ನೀರು ತಂದುಕೊಟ್ಟು ಬಾಗಿಲ ಬಳಿಯೇ ನಿಂತಳು.

"ಒಂದು ಬಜ್ಜಿ ಇಡು. ಒಂದೇ ಒಂದು. ಅಮ್ಮನ ಹೆಸರಲ್ಲಿ" ಎಂದೆ.

"ಆಗಕಿಲ್ಲ."

"ಪೋರ್ಚುಗೀಸರೂ ಸತ್ತವರಿಗೆ ಊಟ ಬಿಡ್ತಾರೆ ಅಣ್ಣ. ಆಲೂಗಡ್ಡೆ ಬೇಯಿಸಿ—"

"ಹಂಗಾದ್ರೆ ಅಲ್ಲೇ ಓಗಿ ಇಡು ಎಡೆಯ. ಪಾಸ್‌ಪೋರ್ಟ್ ಮಾಡಿಸ್ಕೊಡ್ಲಾ?"

"ನಿಂಗೆ ನಾಚಿಕೆ. ಶಾಸ್ತ್ರ ಅಲ್ಲ, ನಾಚಿಕೆ. ಬಜ್ಜಿ ಮಾರೋಳ ಮಗ ಅಂತ ಈ ಬೀದೀಲಿ ಯಾರಿಗೂ ಗೊತ್ತಾಗಬಾರದು."

ಎದ್ದು ನಿಂತ. ಹೊಡೆಯುತ್ತಾನೇನೋ ಎಂದುಕೊಂಡೆ. ದನಿ ತಗ್ಗಿಸಿ ಹೇಳಿದ, ಅದೇ ಇನ್ನೂ ಕಿವಿಯಲ್ಲಿದೆ.

"ನೀನು ಹಾಸ್ಟೆಲ್‌ನಲ್ಲಿದ್ದೆ ಗಂಗೂ. ಅಮ್ಮ ಪೇಪರ್‌ನಲ್ಲಿ ಸುತ್ಕಂಡು ಬಂದು ಕೊಡೋಳು, ನೀನು ತಿಂದು ಪೇಪರ್ ಓದ್ಕಂಡು ಕೂರ್ತಿದ್ದೆ. ಆ ಎಣ್ಣೆ ಮುಂದೆ ಇದ್ದೋನು ನಾನು. ಸ್ಕೂಲಲ್ಲಿ ನನ್ ಹೆಸರೇ ಬಜ್ಜಿ. ಮೇಷ್ಟ್ರೂ ಹಂಗೇ ಕರೆಯೋರು. ನೀನು ತಿಂದೆ, ನಾನು ಕರ್ದೆ. ಅವಳು ಒಂದು ದಿನಾನಾದ್ರೂ ಬಜ್ಜಿ ಬಾಯಿಗಿಟ್ಟಿದ್ದ ನೋಡಿದೀಯಾ? ಹೇಳು, ನೋಡಿದೀಯಾ?"

ಚಪ್ಪಲಿ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ. ಬೆಟ್ಟದ ಬಂಡೆ ತಿರುವಿನವರೆಗೂ ಕಾಣುತ್ತಲೇ ಇತ್ತು.

ಸೆಪ್ಟೆಂಬರ್ 19, ಶುಕ್ರವಾರ

ನಾಲ್ಕು ದಿನ ಏನೂ ಬರೆದಿಲ್ಲ. ಒಂದೇ ಒಂದು ನೆನಪು ಸಿಗಲಿ ಎಂದು ಹುಡುಕುತ್ತಿದ್ದೆ.

ಅಮ್ಮ ಹಿಟ್ಟು ಕಲಸುವುದು. ಮೆಣಸಿನಕಾಯಿ ಸೀಳಿ ಜೀರಿಗೆ, ಹುಣಸೆ ತುಂಬುವುದು. ಉರಿಗೆ ಮುಖ ಓರೆ ಮಾಡುವುದು. ಕೊನೆಯ ಬಸ್ಸಿನವರು ಒಂದು ಉಳಿಸಿ ಹೋದರೆ ಅದನ್ನು ಎಲೆಗೆ ಸುತ್ತಿಡುವುದು. ಎಲ್ಲ ಇದೆ. ತಿನ್ನುವುದು ಇಲ್ಲ.

ಇಲ್ಲ ಎಂದರೆ ಇಲ್ಲವೇ? ನಾನು ನೋಡಿಲ್ಲ ಅಷ್ಟೇ. ನೋಡದ್ದೆಲ್ಲ ನಡೆದಿಲ್ಲ ಎನ್ನಲಾಗುವುದಿಲ್ಲ. ಇಂಥ ಮಾತನ್ನು ಪೇಪರ್‌ನವರು ಬರೆದರೆ ನಾನೇ ಬೈಯುತ್ತೇನೆ — ಆಧಾರ ಎಲ್ಲಿ ಎಂದು.

ಇರಲಿ. ಇಷ್ಟವೋ ಅಲ್ಲವೋ, ಅವಳ ಕೈಯ ಕೆಲಸ ಅದು. ಅದಿಲ್ಲದ ಎಲೆ ಯಾರದೋ ಅಮ್ಮನದು. ಭಾನುವಾರ ಕರಿದುಕೊಂಡು ಹೋಗುತ್ತೇನೆ. ಅವನು ಏನು ಮಾಡುತ್ತಾನೋ ನೋಡೋಣ.

ಸೆಪ್ಟೆಂಬರ್ 21, ಭಾನುವಾರ. ಮಹಾಲಯ ಅಮಾವಾಸ್ಯೆ. ಬೆಳಗ್ಗೆ

ಎದ್ದು ಬಜ್ಜಿ ಕರಿದೆ. ಮೊದಲ ಒಬ್ಬೆ ಸೀದಿತು. ಎಣ್ಣೆ ಹೊಗೆ ಗಂಟಲಿಗೆ ಹಿಡಿದು ಹೊರಗೆ ಬಂದು ಕೆಮ್ಮಿದೆ. ನಮ್ಮವರು ಟವೆಲ್ ಬೀಸುತ್ತಾ, "ನಿಮ್ಮಮ್ಮ ಇದನ್ನ ದಿನಾ ಹೆಂಗೆ ತಡ್ಕೊಂಡ್ರೋ" ಎಂದರು. ಸ್ಟೀಲ್ ಡಬ್ಬಿಗೆ ತುಂಬಿ ಹೊರಟೆ. ಅವರಿಗೆ ಜ್ವರದ ಮೈ, ಬರುವುದಿಲ್ಲ.

ಅದೇ ದಿನ. ಮಧುಗಿರಿ, 12.10

ಅಣ್ಣನ ಮನೆ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಡೈರಿ ಬ್ಯಾಗಿನಲ್ಲೇ ಇತ್ತು. ಒಳಗೆ ಎಡೆಯಿಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿದ್ದಾಗಿದೆ. ಹಿರಿಯರು ಉಣ್ಣುವಾಗ ಯಾರೂ ನೋಡಬಾರದು. ಸಾಕಷ್ಟು ಹೊತ್ತಾದ ಮೇಲೆ ದೊಡ್ಡವರೊಬ್ಬರು ಕೆಮ್ಮಿ ಬಾಗಿಲು ತೆಗೆಯಬೇಕು. ನಡುವೆ ತೆಗೆದರೆ ಅರ್ಧ ಊಟಕ್ಕೇ ಎದ್ದು ಹೋಗುತ್ತಾರೆ. ಅಪ್ಪ ಹೇಳುತ್ತಿದ್ದ ಮಾತು.

ಬಜ್ಜಿ ಒಳಗೆ ಹೋಗಲಿಲ್ಲ. ಗೇಟಿನಲ್ಲೇ ಅಣ್ಣನ ಮೂಗಿಗೆ ಗೊತ್ತಾಯಿತು. ಡಬ್ಬಿ ಕಿತ್ತುಕೊಂಡು ಕಾಂಪೌಂಡ್ ಮೇಲಿಟ್ಟ. "ಇವತ್ತೊಂದಿನ ನನ್ನ ಮನೆ ಮರ್ಯಾದೆ ಉಳಿಸು" ಎಂದ. "ಅಮ್ಮನ ಮರ್ಯಾದೆ ಕಾಂಪೌಂಡ್ ಮೇಲಿಟ್ಟೆಯಲ್ಲ" ಎಂದೆ.

ಬಾಗಿಲು ಮುಚ್ಚುವ ಮೊದಲು ಅಮ್ಮನ ಎಲೆ ನೋಡಿದೆ. ಕಾಳುಮೆಣಸಿನ ಸಾರು, ಬೂದುಗುಂಬಳದ ಪಲ್ಯ, ಉದ್ದಿನ ವಡೆ, ಪಾಯಸ. ಪಾಯಸದಲ್ಲಿ ಗೋಡಂಬಿ ಇರಲಿಲ್ಲ. ನನ್ನ ಮೆಸೇಜ್ ಓದಿದ್ದಾನೆ. ಗೆದ್ದೆ ಎಂದುಕೊಳ್ಳಲೇ? ಎಲೆ ಎಷ್ಟು ಬೆಳ್ಳಗಿತ್ತೆಂದರೆ ಆಸ್ಪತ್ರೆ ಊಟದ ಹಾಗಿತ್ತು.

ಪೆದ್ದಣ್ಣ ಮಾವ ಡಬ್ಬಿ ತೆಗೆದು ಬಜ್ಜಿ ತಿನ್ನುತ್ತಿದ್ದಾನೆ. "ಅಕ್ಕನ ಪಾಲು ತಮ್ಮನಿಗೆ ಕದಾ. ಸ್ವಲ್ಪ ಸೀದೈತಮ್ಮ."

ಅಣ್ಣ ನನ್ನ ಕಡೆ ನೋಡಿ: "ಏನ್ ಬರೀತಿದೀಯಾ? ನನ್ ಮೇಲೆ ರಿಪೋರ್ಟಾ?"

ಬರೆಯುತ್ತಲೇ ಇದ್ದೇನೆ.

12.25

ಇದನ್ನು ಹೇಳಿದ ಹಾಗೇ ಬರೆದಿಡಬೇಕು.

ಮಾವ ಸುಮ್ಮನಿರಲಾರದೆ, "ಅಕ್ಕನಿಗೆ ಒಳಗಿನದು ರುಚಿ ಹತ್ತುತ್ತೋ ಇಲ್ವೋ, ಖಾರನೇ ಇಲ್ಲ" ಎಂದ. ಅಣ್ಣ, "ಬಜ್ಜೀನೂ ಹತ್ತಕಿಲ್ಲ ಮಾವ, ಅವಳು ತಿಂತಿರಲಿಲ್ಲ" ಎಂದ. ನಾನು, "ಕಾಳುಮೆಣಸಿನ ಸಾರು ತಿಂತಿದ್ಲಾ?" ಎಂದೆ. ಮತ್ತೆ ಶುರುವಾಗುತ್ತಿತ್ತು.

ಮೆಟ್ಟಿಲ ಮೇಲೆ ಕೂತಿದ್ದ ಅತ್ತಿಗೆ ಎದ್ದಳು. ಬೆಳಗಿನಿಂದ ಅಷ್ಟೂ ಅಡುಗೆ ಒಬ್ಬಳೇ ಮಾಡಿದ್ದಾಳೆ. ಕೊನೆಯ ಮೂರು ವರ್ಷ ಅಮ್ಮನನ್ನು ನೋಡಿಕೊಂಡವಳೂ ಅವಳೇ.

"ಅತ್ತೆ ಬಜ್ಜೀನೂ ಕೇಳ್ಲಿಲ್ಲ, ಸಾರೂ ಕೇಳ್ಲಿಲ್ಲ" ಎಂದಳು. "ಹಾಸಿಗೆ ಹಿಡಿದ ಮೇಲೆ ದಿನಾ ಕೇಳ್ತಿದ್ದಿದ್ದು ಒಂದೇ. ಬನ್. ಟೀಲಿ ಅದ್ಕೊಂಡು ತಿನ್ನಕ್ಕೆ ಒಂದು ಬನ್. ಇವ್ರು ಶುಗರ್ ಐತೆ, ತರಬ್ಯಾಡ ಅಂದ್ರು. ನೀವು ಫೋನಲ್ಲಿ ಮಾತ್ರೆ ನುಂಗಿದ್ರಾ ಅಂತ ಕೇಳಿ ಇಟ್ಬುಡ್ತಿದ್ರಿ. ಒಂದು ದಿನ ಏನು ಬೇಕು ಅಂತ ಕೇಳಿದ್ರಾ ಇಬ್ರೂ? ಈಗ ಸತ್ತ ಮೇಲೆ ಎಲೆ ಹಿಡ್ಕಂಡು ಎಳೆದಾಡ್ತೀರ."

ಇಷ್ಟೇ. ಹೇಳಿ ನಲ್ಲಿಯ ಹತ್ತಿರ ಹೋಗಿ ಕೈ ತೊಳೆಯತೊಡಗಿದಳು. ತೊಳೆಯುವಂಥದ್ದು ಏನೂ ಇರಲಿಲ್ಲ.

ಅಣ್ಣ, ಯಾರಿಗೂ ಅಲ್ಲ ಎಂಬಂತೆ: "ಶುಕ್ರವಾರ. ಬಾಣಲೆ ಉಜ್ಜಿ ಆದ್ಮೇಲೆ. ಬೇಕರಿ ಮುಂದೆ ನಿಂತ್ಕಂಡು ತಿನ್ನೋಳು. ನಂಗರ್ಧ ಕೊಡೋಳು."

ಸ್ಕೂಟರ್ ಕೀ ತಗೊಂಡು ಹೊರಟುಹೋದ.

ಉಬ್ಬಿಸಿ ಸುಡುವ ಬ್ರೆಡ್ಡನ್ನು ನಮ್ಮ ಪಶ್ಚಿಮ ಕರಾವಳಿಯಲ್ಲಿ ಮನೆಮಾತು ಮಾಡಿದವರೂ ಪೋರ್ಚುಗೀಸರೇ. ಅದೂ ನಾನು ಗುರುತಿಟ್ಟ ಪುಸ್ತಕದಲ್ಲೇ ಇತ್ತು. ಅಣ್ಣನ ಪಟ್ಟಿಯಲ್ಲಿ ಬನ್ ಇಲ್ಲ. ನಾನು ಬರೆದ ಉತ್ತರದಲ್ಲೂ ಇಲ್ಲ.

12.50

ಬಂದ. ಕೈಯಲ್ಲಿ ಬೇಕರಿ ಕವರ್. ಒಂದೇ ಬನ್. ಅತ್ತಿಗೆ ಆಗಲೇ ಹಿತ್ತಲ ಒಲೆಯಲ್ಲಿ ಟೀ ಕಾಯಿಸಿ ಸೋಸಿಟ್ಟಿದ್ದಳು. ಯಾರೂ ಹೇಳಿರಲಿಲ್ಲ.

ನನ್ನ ಮುಂದೆ ನಿಂತು ಕೇಳಿದ, ಮುಖ ಗಂಟಿಕ್ಕಿಕೊಂಡೇ: "ಇದೂ ಅವರದೇನಾ?"

"ಅವರದೇ."

"ಸುಳ್ಳು ಹೇಳ್ಬೋದಿತ್ತಲ್ಲ."

"ಹೇಳಲ್ಲ."

"ನೀನು ಬದಲಾಗಕಿಲ್ಲ" ಎಂದು ಬಾಗಿಲ ಕಡೆ ನಡೆದ. ಮಾವ ಗಾಬರಿಯಿಂದ ಎದ್ದ. "ಒರೇಯ್, ಇನ್ನೂ ಉಣ್ತಾವ್ರೆ! ನಾನು ಕೆಮ್ಮಿಲ್ಲ ಕಣೋ! ಈಗ ತೆಗೆದ್ರೆ ನಮ್ಮಕ್ಕ ಎದ್ದೋಗ್ತಾಳೆ!"

ಅಣ್ಣ ಚಿಲಕದ ಮೇಲೆ ಕೈಯಿಟ್ಟು ನಿಂತ. ಪೋರ್ಚುಗೀಸರಿಗೆ ಹೆದರಿದವನು ಇದಕ್ಕೂ ಹೆದರುತ್ತಾನೆ ಎಂದುಕೊಂಡೆ.

"ಎದ್ದೋದ್ರೆ ಓಗ್ಲಿ ಮಾವ. ಬನ್ ಇಸ್ಕಂಡು ಓಗ್ಲಿ."

ಬನ್ ಎರಡು ಭಾಗ ಮಾಡುತ್ತಿದ್ದಾನೆ. ಯಾಕೆ? ಅರ್ಧ ಅವನಿಗಲ್ಲ, ನನ್ನ ಕಡೆ ನೀಡುತ್ತಿದ್ದಾನೆ. "ಬರ್ದಿದ್ದು ಸಾಕು, ಟೀ ಲೋಟ ಹಿಡ್ಕ. ನೀನೂ ಇಡು" ಅನ್ನುತ್ತಿದ್ದಾನೆ — ಕೊಟ್ಟ ಹೆಣ್ಣು ಇಡುವಂತಿಲ್ಲವಲ್ಲ ಎಂದು ನಾನೆಂದರೆ, "ಗಂಗೂ, ಟೀ ಆರ್ತದೆ, ಏಳೇ" — ಬಾಗಿಲು ತೆಗೆದ.