ಮೇಲಿನ ವಾರ್ಡಿನ ನಲ್ಲಿಗಳು

೯ ಮೇ ೨೦೨೧, ಭಾನುವಾರ

ಆಕ್ಸಿಜನ್ ಪ್ರೆಶರ್ ಸರಿ. ಜನರೇಟರ್ ಸರಿ. ಮೇಲಿನ ಕೋವಿಡ್ ವಾರ್ಡಿನಲ್ಲಿ ಕೈತೊಳೆಯುವ ಬೇಸಿನ್‌ಗಳ ವಾಲ್ವ್ ಮುಚ್ಚಿಸಿದೆ. ಎಲ್ಲರೂ ಮುಟ್ಟುವ ನಲ್ಲಿಯಿಂದಲೇ ಸೋಂಕು ಹರಡಬಹುದೆಂದು ಇಲ್ಲಿನ ಇಂಜಿನಿಯರ್ ಆಗಿ ನಾನು ಬರೆದ ಟಿಪ್ಪಣಿಯನ್ನು ಆಸ್ಪತ್ರೆಯವರು ಒಪ್ಪಿದರು. ಬದಲಿಗೆ ಬಾಗಿಲಲ್ಲಿ ಕಾಲಿನಿಂದ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡ್. ವಿನ್ಯಾಸ ನನ್ನದು; ವೆಲ್ಡಿಂಗ್ ಹೊಳಲ್ಕೆರೆ ರಸ್ತೆಯ ಉಗ್ರಪ್ಪನದು.

ಅಕ್ಕ ಅನ್ನಪೂರ್ಣಮ್ಮ ಅದೇ ವಾರ್ಡಿನಲ್ಲಿದ್ದಾಳೆ. ತುರುವನೂರಿನಿಂದ ಕರೆತಂದಾಗ ಉಸಿರೇ ಸಿಗುತ್ತಿರಲಿಲ್ಲ. ಈಗ ಮಾತು ಬಂದಿದೆ. ಸ್ಟ್ಯಾಂಡ್ ನೋಡಿ ನಕ್ಕಳು.

"ಏನಪ್ಪ ಇಂಜಿನಿಯರ್ರೇ, ಹೊಲಿಗೆ ಮಿಷನ್ ತಂದೀಯ? ನಂಗೊಂದು ಜಂಪರ್ ಹೊಲ್ಕೊಡು."

೧೨ ಮೇ

ಅಕ್ಕ ಲಿಂಗಪೂಜೆಗೆ ನೀರು ಕೇಳಿದಳು. ಸ್ಯಾನಿಟೈಸರ್ ಸಾಕೆಂದೆ.

"ಸಾರಾಯಿ ನಾತದ ಕೈಲಿ ಲಿಂಗ ಮುಟ್ಲೇನೋ? ನಾಚ್ಕೆ ಆಗಲ್ವ ನಿಂಗೆ?"

ನಾನೇ ಅವಳ ಅಂಗೈಗೆ ಸ್ಯಾನಿಟೈಸರ್ ಸವರಿದೆ. ಅವಳು ಕೊರಳ ಕರಡಿಗೆಯಿಂದ ಲಿಂಗವನ್ನು ಹೊರತೆಗೆಯಲೇ ಇಲ್ಲ.

೧೬ ಮೇ

ಅಕ್ಕನಿಗೆ ಭೇದಿ. ಮತ್ತೆ ಜ್ವರ. ಆಕ್ಸಿಜನ್ ಮಟ್ಟ ಮಾತ್ರ ಚೆನ್ನಾಗಿದೆ... ಪಕ್ಕದ ಮಂಚದ ಮುದುಕಿಗೂ, ಬಾಗಿಲ ಬಳಿಯ ಹಿರಿಯೂರಿನ ಹೆಂಗಸಿಗೂ ಹಾಗೆಯೇ. ಕುಡಿಯುವ ನೀರನ್ನು ಪರೀಕ್ಷಿಸಿದೆ. ಕ್ಲೋರಿನ್ ಸರಿ. ಅಡುಗೆಮನೆ ಸರಿ. ವೈರಸ್ ಇಳಿಯುತ್ತಿದೆ, ರೋಗಿಗಳು ಕುಸಿಯುತ್ತಿದ್ದಾರೆ. ಅರ್ಥವಾಗುತ್ತಿಲ್ಲ. ಸ್ಯಾನಿಟೈಸರ್ ಇನ್ನೂ ಹೆಚ್ಚು ಬಳಸಲು ಹೇಳಿದೆ.

೧೯ ಮೇ, ಸಂಜೆ

ಮಲಪರೀಕ್ಷೆಯ ವರದಿ ಬಂತು. ವಾರ್ಡಿನ ಡಾ. ಸುಚಿತ್ರಾ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದರು.

"ಸಿ. ಡಿಫ್ ಅಂತ ಸಾರ್, ಬ್ಯಾಕ್ಟೀರಿಯಾ. ನಾವು ಆ್ಯಂಟಿಬಯೋಟಿಕ್ ಸುರಿದು ಕರುಳಿನ ಒಳ್ಳೇವನ್ನೆಲ್ಲ ಕೊಂದ್ವಿ. ಜಾಗ ಖಾಲಿ ಆತು, ಇದು ಬಂದು ಕುಂತೈತೆ. ಅವನ್ನ ನಿಲ್ಸಿ ಬೇರೆ ಔಷಧಿ ಶುರು ಮಾಡೀವಿ."

"ಮೂವರಿಗೂ ಹೇಗೆ?"

"ಕೈಯಿಂದ ಕೈಗೆ. ಇದರ ಬೀಜಕಣ ಸ್ಯಾನಿಟೈಸರ್‌ಗೆ ಸಾಯಲ್ಲ. ಸೋಪು ಹಾಕಿ ನೀರಲ್ಲಿ ತೊಳೆದ್ರೇನೇ ಹೋಗೋದು." ಒಣಗಿದ ಬೇಸಿನ್ ಕಡೆ ನೋಡಿದರು. "ನಲ್ಲಿ ಬಿಡ್ಸಿ ಸಾರ್."

ಸ್ಯಾನಿಟೈಸರ್‌ಗೆ ವೈರಸ್ ಸಾಯುತ್ತದೆ. ಇದು ಸಾಯುವುದಿಲ್ಲ. ಎರಡೂ ಒಂದೇ ಕೈಯ ಮೇಲೆ. ನನ್ನ ಟಿಪ್ಪಣಿಯನ್ನು ಮತ್ತೆ ಓದಿದೆ. ತಪ್ಪಾದ ವಾಕ್ಯ ಸಿಗಲಿಲ್ಲ.

೨೦ ಮೇ

ವಾಲ್ವ್ ನಾನೇ ತೆರೆದೆ. ಮೊದಲು ತುಕ್ಕಿನ ನೀರು, ಬಳಿಕ ತಿಳಿ. ಮೊಣಕೈಯಿಂದ ತಿರುಗಿಸುವ ನಲ್ಲಿಗಳನ್ನು ಆರ್ಡರ್ ಮಾಡಿದೆ — ಮೊದಲೇ ಏಕೆ ಹೊಳೆಯಲಿಲ್ಲ?

ಪಕ್ಕದ ಮುದುಕಿಯನ್ನು ಎತ್ತಿ ಕೂರಿಸಿದ್ದು ನಾನು. ಅಕ್ಕನಿಗೆ ಗಂಜಿ ಕುಡಿಸಿದ್ದೂ ನಾನೇ. ನಡುವೆ ಗ್ಲೌಸ್ ಮೇಲೂ ಸ್ಯಾನಿಟೈಸರ್ ಹಚ್ಚಿದ್ದೆ. ನನ್ನ ಕೈಯೋ, ನರ್ಸ್ ಕೈಯೋ... ತಿಳಿಯುವ ಮಾರ್ಗವಿಲ್ಲ.

ಅದೇ ದಿನ, ಸಂಜೆ

ಅಕ್ಕನ ಬಿ.ಪಿ. ಇಳಿದಿದೆ. ಕಣ್ಣು ತೆರೆಯುತ್ತಿಲ್ಲ. ಜಗ್ಗಿನಲ್ಲಿ ನೀರು, ಸೋಪು, ಒಂದು ಬೋಗುಣಿ ಒಯ್ದೆ. ಅವಳ ಒಂದೊಂದೇ ಬೆರಳನ್ನು ತೊಳೆದೆ. ನೀರಿನ ಸದ್ದಿಗೆ ತುಟಿ ಅಲುಗಿತು.

"ಯಾರಪ್ಪ?"

"ನಾನಕ್ಕ, ಹಾಲೇಶ."

"ಲಿಂಗ ತೆಗೀಲೇನು?"

"ತೆಗಿಯಕ್ಕ."

ಕರಡಿಗೆ ಬಿಚ್ಚಲು ಬೆರಳಿಗೆ ಬಲವಿರಲಿಲ್ಲ. ನನ್ನ ಕಡೆ ತಳ್ಳಿದಳು. ನಾನು ಕೈ ಚಾಚಿದೆ.

"ನಿಂದು ತೊಳ್ಕಂಡ್ಯೇನೋ?"

ತೊಳೆದಿದ್ದೆ. ಆದರೂ ಮತ್ತೆ ನಲ್ಲಿಯ ಬಳಿ ಹೋದೆ. ಸೋಪು ಹಾಕಿ, ಬೆರಳ ಸಂದಿ, ಉಗುರಿನ ಅಂಚು, ಮಣಿಕಟ್ಟು —